ಕೆಂಪು ವೃತ್ತ ಹೊಲಿಯುವ ಮುನ್ನ

ಸೈಯದ್‌ಪುರದ ರಸೂಲ್‌ಗಂಜ್ ಕ್ಯಾಂಪಿನಲ್ಲಿ ಬಾವುಟ ಹೊಲಿಯುವ ದರ್ಜಿಯೆಂದರೆ ಖುರ್ಷಿದ್ ಒಬ್ಬನೇ. ಉಳಿದವರು ಢಾಕಾದ ದೊಡ್ಡ ಕಾರ್ಖಾನೆಗಳು ಬಿಸಾಡಿದ ಚೂರುಬಟ್ಟೆ ತಂದು, ಜೋಡಿಸಿ, ಜಾಕೆಟ್ಟು ಚಡ್ಡಿ ಹೊಲಿದು ನೇಪಾಳಕ್ಕೂ ಭೂತಾನಕ್ಕೂ ಲಾರಿ ತುಂಬಿಸುತ್ತಿದ್ದರು. ಬಟ್ಟೆಗೆ ಗಡಿಯ ತಂಟೆ ಇರಲಿಲ್ಲ. ಹೊಲಿದವರು ಮಾತ್ರ ಕ್ಯಾಂಪಿನ ಸಂದಿಯಲ್ಲೇ ಹುಟ್ಟಿ, ಸಂದಿಯಲ್ಲೇ ಮದುವೆಯಾಗಿ, ಕೊನೆಗೆ ಅದೇ ಸಂದಿಯಿಂದ ಹೊರಗೆ ಹೋಗುತ್ತಿದ್ದರು. ಹೆಣದ ಮಂಚ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದನ್ನು ಸ್ವಲ್ಪ ಓರೆಯಾಗಿ ಹಿಡಿಯಬೇಕಾಗುತ್ತಿತ್ತು.

ಊರಿನ ಬಂಗಾಳಿಗಳು ಅವರನ್ನು ‘ಸಿಕ್ಕಿಬಿದ್ದ ಪಾಕಿಸ್ತಾನಿಗಳು’ ಎನ್ನುತ್ತಿದ್ದರು. ಸಿಟ್ಟು ಬಂದಾಗ ಬರೀ ‘ಮಾವುರಾ’ ಎಂಬ ಬೈಗುಳ. ಖುರ್ಷಿದ್ ಪಾಕಿಸ್ತಾನವನ್ನು ಕಂಡವನೇ ಅಲ್ಲ. ದೇಶ ಒಡೆದಾಗ ಅವನ ಅಪ್ಪ ಬಿಹಾರದ ಜಮಾಲ್‌ಪುರದಿಂದ ಇಲ್ಲಿಯ ರೈಲ್ವೆ ವರ್ಕ್‌ಶಾಪಿಗೆ ಬಂದಿದ್ದ. ಆಗ ಇದೂ ಪಾಕಿಸ್ತಾನವೇ. ಎಪ್ಪತ್ತೊಂದರಲ್ಲಿ ದೇಶ ಮತ್ತೊಮ್ಮೆ ಒಡೆದು ಬಾಂಗ್ಲಾದೇಶವಾದಾಗ ಉರ್ದು ಮಾತಾಡುವವರೆಲ್ಲ ಪಾಕಿಸ್ತಾನಿ ಸೈನ್ಯದ ಕಡೆಯವರೆನಿಸಿಕೊಂಡು, ಕುಳಿತ ಜಾಗದಲ್ಲೇ ಪರದೇಶಿಗಳಾಗಿ ಕ್ಯಾಂಪು ಸೇರಿದರು. ಆ ಡಿಸೆಂಬರಿನಲ್ಲಿ ಯಾರೋ ಬಂದು ಅಪ್ಪನನ್ನು ಕ್ವಾರ್ಟರ್ಸಿನಿಂದ ಕರೆದುಕೊಂಡು ಹೋದರು. ಮತ್ತೆ ಅವನು ಬರಲಿಲ್ಲ. ಖುರ್ಷಿದನಿಗೆ ಆಗ ಮೂರು ವರ್ಷ. ಈಗ ಐವತ್ತು ದಾಟಿತ್ತು. ಇವರೂ ಇಲ್ಲಿಯ ಪ್ರಜೆಗಳೆಂದು ಕೋರ್ಟು ತೀರ್ಪು ಕೊಟ್ಟು, ಕ್ಯಾಂಪಿನವರ ಕೈಗೆ ಗುರುತಿನ ಚೀಟಿ ಬಂದು ಎಷ್ಟೋ ಕಾಲವಾಗಿತ್ತು. ಚೀಟಿಯಲ್ಲಿ ಬಾಂಗ್ಲಾದೇಶಿ ಎಂದಿತ್ತು, ಅದರ ಕೆಳಗೆ ವಿಳಾಸದಲ್ಲಿ ಕ್ಯಾಂಪು ಎಂದಿತ್ತು. ಎಲ್ಲ ಕಚೇರಿಗಳಲ್ಲೂ ವಿಳಾಸವೇ ಗೆಲ್ಲುತ್ತಿತ್ತು.

ಆ ವಿಳಾಸಕ್ಕೇ ಅವನ ಮಗಳು ನಿಖತ್ ಎರಡು ಸಲ ಎಡವಿದ್ದಳು. ಜೋರ್ಡಾನಿನ ಗಾರ್ಮೆಂಟ್ ಕಾರ್ಖಾನೆಯೊಂದಕ್ಕೆ ಹೊಲಿಗೆಯವರನ್ನು ಆರಿಸಲು ಬಂದವರು ಅವಳ ಕೈಕೆಲಸ ನೋಡಿ ಒಪ್ಪಿದ್ದರು. ಬೇಕಾಗಿದ್ದದ್ದು ಪಾಸ್‌ಪೋರ್ಟು. ಪರಿಶೀಲನೆಗೆ ಬಂದ ಪೊಲೀಸ್ ಅಧಿಕಾರಿ ಸಂದಿಯ ಬಾಯಲ್ಲೇ ನಿಂತು, ಒಳಗೂ ಬರದೆ, “ಕ್ಯಾಂಪಿನೋರಿಗೆ ನಾನು ಸಹಿ ಹಾಕಿದ್ರೆ ನಾಳೆ ನನ್ ತಲೆಗೆ ಬರುತ್ತೆ. ನಿಮ್ಮ ಕೌನ್ಸಿಲರ್ ಹತ್ರ ಒಂದು ಮಾತು ಬರೆಸ್ಕೊಂಡು ಬಾ” ಎಂದು ಹೋಗಿಬಿಟ್ಟಿದ್ದ.

ಕೌನ್ಸಿಲರ್ ಲುತ್ಫರ್ ಚೌಧುರಿ ಡಿಸೆಂಬರ್ ಮೊದಲ ವಾರ ಖುರ್ಷಿದನನ್ನು ಮನೆಗೆ ಕರೆಸಿದ. ಹದಿನಾರರ ವಿಜಯ ದಿವಸಕ್ಕೆ ರೈಲ್ವೆ ಮೈದಾನದಲ್ಲಿ ಹಿಡಿಯಲು ಭಾರೀ ಬಾವುಟವೊಂದು ಬೇಕಾಗಿತ್ತು.

“ಇಡೀ ಜಿಲ್ಲೇಲಿ ಅಷ್ಟು ದೊಡ್ಡದು ಯಾರೂ ನೋಡಿರಬಾರ್ದು ಮಿಯಾ. ನಿನ್ನ ಹೊಲಿಗೆ ಗಾಳಿಗೆ ಬಿಚ್ಚಲ್ಲ ಅಂತಾರೆ.”

“ಆಗ್ಲಿ ಸಾಹೇಬ್ರೆ.”

“ಆದ್ರೆ ಒಂದ್ ಮಾತು. ನೀನು ಹೊಲಿದೆ ಅಂತ ಎಲ್ಲೂ ಬಾಯಿ ಬಿಡ್ಬೇಡ. ಢಾಕಾದಿಂದ ತರಿಸ್ತೀನಿ ಅಂತ ಎಲ್ರಿಗೂ ಹೇಳಿಬಿಟ್ಟಿದೀನಿ. ವಿಜಯ ದಿವಸದ ಬಾವುಟಾನ ಮಾವುರಾ ಹೊಲಿದ ಅಂದ್ರೆ ಜನ ಮುಸಿಮುಸಿ ನಗಲ್ವಾ? ನೀನೇ ಹೇಳು.”

ಖುರ್ಷಿದ್ ಮಗಳ ಕಾಗದದ ವಿಷಯ ಮೆಲ್ಲಗೆ ಎತ್ತಿದ.

“ಅದೊಂದು ದೊಡ್ಡ ಕೆಲಸಾನಾ? ಹಬ್ಬ ಮುಗೀಲಿ. ಬಾವುಟ ಚೆನ್ನಾಗಿ ಬರ್ಲಿ” ಎಂದ ಲುತ್ಫರ್.

ಆ ವರ್ಷ ಫುಟ್‌ಬಾಲ್ ವಿಶ್ವಕಪ್ಪು ಚಳಿಗಾಲದಲ್ಲೇ ಬಿದ್ದಿತ್ತು. ಊರಿಗೆ ಊರೇ ಹುಚ್ಚೆದ್ದಿತ್ತು. ಅರ್ಧ ಊರು ಅರ್ಜೆಂಟೀನಾ, ಅರ್ಧ ಊರು ಬ್ರೆಜಿಲ್. ಆ ದೇಶಗಳು ನಕ್ಷೆಯಲ್ಲಿ ಎಲ್ಲಿವೆಯೆಂದು ತೋರಿಸಲಾರದ ಮುದುಕರೂ ಚಹಾದ ಅಂಗಡಿಯಲ್ಲಿ ಕಾಲರ್ ಹಿಡಿದು ಜಗಳಾಡುತ್ತಿದ್ದರು. ಕ್ಯಾಂಪಿನ ತಗಡಿನ ಮಾಡುಗಳ ಮೇಲೂ ಅರ್ಜೆಂಟೀನಾದ ಬಾವುಟಗಳು ಹಾರುತ್ತಿದ್ದವು. ಯಾಕೆ ಹಾರಿಸಿದೆ ಎಂದು ಯಾರೂ ಕೇಳದ ಬಾವುಟ ಅದೊಂದೇ ಎಂದು ಖುರ್ಷಿದನಿಗೆ ಅನ್ನಿಸುತ್ತಿತ್ತು. ಬಾಂಗ್ಲಾದೇಶದ್ದು ಹಾರಿಸಿದರೆ ಹುನ್ನಾರವೆನ್ನುವರು, ಹಾರಿಸದಿದ್ದರೆ ದ್ರೋಹವೆನ್ನುವರು. ಬ್ರೆಜಿಲ್ ಸೋತು ಅರ್ಜೆಂಟೀನಾ ಸೆಮಿಫೈನಲ್ ತಲುಪಿದ ದಿನ ಕಾಲೇಜಿನ ಹುಡುಗರು ಕುಣಿಯುತ್ತಲೇ ಬಂದರು. ಅವರ ಮುಂದಾಳು ಶಿಮುಲ್ ಎಂಬ ಗುಂಗುರು ಕೂದಲಿನ ಬಂಗಾಳಿ ಹುಡುಗ.

“ಚಾಚಾ, ಸೇತುವೆಯ ಈ ಕಡೆಯಿಂದ ಆ ಕಡೆಗೆ ಬರ್ಬೇಕು, ಅಷ್ಟು ದೊಡ್ಡದು! ನಡುಬಿಳಿ ಮಾತ್ರ ಹಾಲಿನಂಗಿರ್ಲಿ.”

“ಕೌನ್ಸಿಲರ್ ಕೆಲಸ...” ಎನ್ನಹೋಗಿ ಖುರ್ಷಿದ್ ನಾಲಿಗೆ ಕಚ್ಚಿಕೊಂಡ. “ಬೇರೆ ಕೆಲಸ ಇದೆ ಕಣಪ್ಪ.”

“ಬೇರೆ ಕೆಲಸ ಎಲ್ಲಾ ವರ್ಷಾನೂ ಇರುತ್ತೆ. ಅರ್ಜೆಂಟೀನಾ ಎಲ್ಲಾ ವರ್ಷಾನೂ ಸೆಮಿಫೈನಲ್ಲಿಗೆ ಬರುತ್ತಾ?”

ಹೀಗೆ ಎರಡು ದೇಶಗಳು ಒಂದೇ ಕೋಣೆಯಲ್ಲಿ ಬಿದ್ದುಕೊಂಡವು. ಆ ಕೋಣೆಯಲ್ಲೇ ಖುರ್ಷಿದನ ತಾಯಿ ಕುಲ್ಸುಮ್ ಬೀಯ ಮಂಚ, ಅದರಡಿ ಪಾತ್ರೆಗಳು, ಬಾಗಿಲ ಬಳಿ ಹೊಲಿಗೆ ಯಂತ್ರ. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಮನೆ ನಡೆಸುತ್ತಿದ್ದಳು. ಹಸಿರು ಬಟ್ಟೆ ಮುದುಕಿಯ ಕಾಲಿನ ಮೇಲೆ, ನೀಲಿ ಬಟ್ಟೆ ಒಲೆಯ ಗೋಡೆಯ ತನಕ. ಉತ್ತರದ ಮಂಜು ಬೇರೆ. ದಿನಗಟ್ಟಲೆ ಸೂರ್ಯನ ಮುಖವೇ ಇಲ್ಲದೆ ಬಟ್ಟೆಯೆಲ್ಲ ಒದ್ದೆಯೊದ್ದೆಯಾಗಿ ಸೂಜಿಯ ಕೆಳಗೆ ಸುಕ್ಕುಗಟ್ಟುತ್ತಿತ್ತು. ವಿಜಯ ದಿವಸಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ ಒಂದಿಷ್ಟು ಬಿಸಿಲು ಬಿತ್ತು. ನಿಖತ್ ಕೂಡಲೇ ಬಟ್ಟೆಗಳನ್ನು ಹೊತ್ತು ಮಸೀದಿಯ ಪಕ್ಕದ ಹಳೆಯ ಮಹಡಿ ಹತ್ತಿ ಬಿದಿರಿಗೆ ಹರವಿ ಬಂದಳು. ಬಾಂಗ್ಲಾದೇಶದ ಹಸಿರಿಗೆ ಕೆಂಪು ವೃತ್ತ ಇನ್ನೂ ಬಿದ್ದಿರಲಿಲ್ಲ. ಅದರ ಪಕ್ಕದಲ್ಲೇ ಅರ್ಜೆಂಟೀನಾದ ನಡುವಿನ ಬಿಳಿಪಟ್ಟಿ. ನೀಲಿಗೆ ಬಿದಿರು ಸಾಲದೆ ಅದು ಮನೆಯಲ್ಲೇ ಉಳಿಯಿತು.

ಅಪ್ಪ ಮಗಳು ಊಟಕ್ಕೆ ಕುಳಿತಿದ್ದಾಗ ನಿಖತಳ ಫೋನು ಒಂದೇ ಸಮನೆ ಗುಣುಗುಟ್ಟತೊಡಗಿತು. ನೋಡಿದವಳ ಕೈಯಲ್ಲಿ ತುತ್ತು ಹಾಗೇ ನಿಂತಿತು.

ರೈಲ್ವೆ ಹಳಿಯ ಆಚೆಯಿಂದ ಯಾರೋ ತೆಗೆದ ಚಿತ್ರ. ತಗಡಿನ ಮಾಡುಗಳ ಮೇಲೆ, ಬಿಳಿಯ ಪಕ್ಕ ಹಸಿರು, ಗಾಳಿಗೆ ಉಬ್ಬಿ ನಿಂತಿದೆ. ಕೆಳಗೆ ಬರೆದಿತ್ತು: ‘ವಿಜಯ ದಿವಸದ ಹೊಸ್ತಿಲಲ್ಲಿ ಮಾವುರಾ ಕ್ಯಾಂಪಿನಲ್ಲಿ ಪಾಕಿಸ್ತಾನದ ಬಾವುಟ.’ ಅದರಡಿ ನೂರಾರು ಜನರ ಮಾತು. ಇಟಲಿಯಲ್ಲಿ ಹೋಟೆಲು ಕೆಲಸದಲ್ಲಿರುವವನೊಬ್ಬ ಬೆಂಕಿ ಹಚ್ಚಿರೆಂದು ಬರೆದಿದ್ದ. ಕ್ವಾಲಾಲಂಪುರದಿಂದ ಇನ್ನೊಬ್ಬ ತನ್ನ ತಾಯ್ನಾಡಿನಲ್ಲಿ ಗಂಡಸರೇ ಉಳಿದಿಲ್ಲವೇ ಎಂದು ಕೇಳಿದ್ದ.

“ಅಬ್ಬಾ, ಬಟ್ಟೆ ಇಳಿಸ್ತೀನಿ” ಎಂದು ಎದ್ದಳು.

“ಈಗ ಇಳಿಸಿದ್ರೆ ಬಚ್ಚಿಟ್ರು ಅಂತಾರೆ.”

“ಬಿಟ್ರೆ?”

ಅವರು ಹಾಗೆ ನಿಂತಿರುವಾಗಲೇ ಸಂದಿಯ ಬಾಯಿಂದ ಎಪ್ಪತ್ತೊಂದರ ಅದೇ ಘೋಷಣೆ ಕೇಳಿಸಿತು. “ಜೊಯ್ ಬಾಂಗ್ಲಾ!” ಕುಲ್ಸುಮ್ ಬೀ ಕಿವಿ ಮಂದವಾದ ಮುದುಕಿ, ನಮಾಜಿನ ಕರೆ ಕೂಡ ಅವಳಿಗೆ ಕೇಳುತ್ತಿರಲಿಲ್ಲ. ಆದರೆ ಇದು ಕೇಳಿಸಿತು. ಮಂಚದಿಂದ ಇಳಿದು, ಪಾತ್ರೆಗಳನ್ನು ಸರಿಸಿ, ಮಂಚದಡಿಗೆ ತೆವಳಿದಳು. ಒಳಗಿಂದ ಕೈ ಚಾಚಿ ಮಗನ ಪೈಜಾಮದ ಅಂಚು ಹಿಡಿದು ಎಳೆದಳು. “ಬಾ. ಬೇಗ ಬಾ. ಅಳಬೇಡ.” ಐವತ್ತು ದಾಟಿದ ಮಗನನ್ನು ಅವಳು ಮೂರು ವರ್ಷದ ಮಗುವೆಂದು ಎಳೆಯುತ್ತಿದ್ದಳು.

ಖುರ್ಷಿದ್ ಅಂಚು ಬಿಡಿಸಿಕೊಂಡು ಹೊರಗೆ ಬಂದ.

ಸಂದಿ ತುಂಬ ಜನ. ಎಲ್ಲರಿಗಿಂತ ಮುಂದೆ ಶಾಲು ಹೊದ್ದ ಲುತ್ಫರ್ ಚೌಧುರಿ. ಅವನನ್ನು ಕಂಡೊಡನೆ ಖುರ್ಷಿದನಿಗೆ ಹೋದ ಜೀವ ಬಂದಂತಾಯಿತು. ಹಸಿರು ಬಟ್ಟೆ ಯಾರದೆಂದು ಇವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಮಾತು ಸಾಕು.

ಲುತ್ಫರ್ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಹಡಿಯತ್ತ ಬೆರಳು ತೋರಿ, ಎಲ್ಲರಿಗೂ ಕೇಳುವಂತೆ ಕೇಳಿದ: “ಯಾರ ಬಾವುಟ ಅದು ಮಿಯಾ? ಹೇಳು.”

ಖುರ್ಷಿದ್ ಮಹಡಿಯತ್ತ ನೋಡಿದ. ನಿಮ್ಮದೇ ಎಂದರೆ ಲುತ್ಫರ್ ಇಡೀ ಊರಿನೆದುರು ಸುಳ್ಳುಗಾರನಾಗುತ್ತಾನೆ. ಮಗಳ ಕಾಗದ ಒಲೆಗೆ ಹೋಗುತ್ತದೆ. ಅನ್ನದಿದ್ದರೆ ಅದು ಪಾಕಿಸ್ತಾನದ್ದಾಗುತ್ತದೆ. ಅತ್ತ ದರಿ, ಇತ್ತ ಹುಲಿ.

“ನೋಡಿ, ಬಾಯಿಗೆ ಬೀಗ!” ಎಂದು ಯಾರೋ ಕೂಗಿದರು. “ಇಲ್ಲಿಯ ಅನ್ನ ತಿಂದು ಅಲ್ಲಿಯ ಹಾಡು ಹಾಡ್ತಾನೆ!” ಕೆನ್ನೆಗೆ ಏಟು ಬಿತ್ತು. ಹೊಡೆದವನ ಮುಖ ಅವನಿಗೆ ಕಾಣಲಿಲ್ಲ.

ಅಷ್ಟರಲ್ಲಿ ನಿಖತ್ ಮಡಿಚಿಟ್ಟ ನೀಲಿ ಬಟ್ಟೆಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಹೊರಗೆ ಬಂದು ಜನರ ಕಾಲ ಬಳಿ ಎಸೆದಳು. ಅಪ್ಪ ಎಂದೂ ಕಲಿಯದ, ಆ ಊರಿನ ಬೀದಿಬಂಗಾಳಿಯಲ್ಲಿ ಕಿರುಚಿದಳು: “ಕಣ್ಣು ಎಲ್ಲಿಟ್ಟಿದೀರಾ? ಆ ಬಿಳಿ ಯಾರದ್ದು, ಕೇಳಿ ನಿಮ್ಮ ಶಿಮುಲನ್ನ! ಎರಡು ನೀಲಿ ಮಧ್ಯೆ ಒಂದು ಬಿಳಿ. ಪಾಕಿಸ್ತಾನದೋರು ಯಾವಾಗ್ರೀ ಫುಟ್‌ಬಾಲ್ ಫೈನಲ್ ಆಡಿದ್ದು?”

ಗುಂಪಿನ ಹಿಂದೆ ಶಿಮುಲ್ ಇದ್ದ. ಅವನೂ ಕೂಗಲೆಂದೇ ಬಂದಿದ್ದ. ನೀಲಿಯನ್ನು ನೋಡಿ ಅವನ ಮುಖ ಅರಳಿತು. “ಅಯ್ಯೋ, ನಮ್ಮದು ಕಣ್ರೋ! ಅದು ಅರ್ಜೆಂಟೀನಾ! ಚಾಚಾ, ಮೊದಲೇ ಹೇಳೋಕೆ ಏನಾಗಿತ್ತು?”

ಆಮೇಲೆ ಒಬ್ಬ ನಕ್ಕ. ಇನ್ನೊಬ್ಬ ಸಿಳ್ಳೆ ಹಾಕಿದ. ಕೆಲವರು ಮಹಡಿ ಹತ್ತಿ ಬಿಳಿಪಟ್ಟಿಯನ್ನು ಇಳಿಸಿ ತಲೆಗೆ ಸುತ್ತಿಕೊಂಡರು. ‘ಜೊಯ್ ಬಾಂಗ್ಲಾ’ ಎಂದ ಬಾಯಿಗಳೇ ‘ಅರ್ಜೆಂಟೀನಾ’ ಎಂದು ಕೂಗತೊಡಗಿದವು. ಖುರ್ಷಿದ್ ತಾನು ಈ ದೇಶದವನೆಂದು ಹೇಳಿದ್ದರೆ ಒಬ್ಬನೂ ನಂಬುತ್ತಿರಲಿಲ್ಲ. ಭೂಮಿಯ ಆಚೆ ಬದಿಯ ದೇಶದ ಕಡೆಯವನೆಂದು ಎಲ್ಲರೂ ತಟ್ಟನೆ ನಂಬಿದರು. ಖುರ್ಷಿದ್ ಉರಿಯುವ ಕೆನ್ನೆ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ.

“ಸರಿ, ಬಿಳಿ ಅರ್ಜೆಂಟೀನಾದ್ದು. ಹಸಿರು?” ಎಂದ ಗುಂಪಿನಲ್ಲೊಬ್ಬ ಬಿಡದೆ.

ಮತ್ತೆ ಎಲ್ಲರೂ ಖುರ್ಷಿದನತ್ತ ತಿರುಗಿದರು. ಈ ಸಲ ಲುತ್ಫರ್ ಮುಂದೆ ಬಂದು ಅವನ ಹೆಗಲ ಮೇಲೆ ಕೈಹಾಕಿದ.

“ಇನ್ನೂ ಗೊತ್ತಾಗಲಿಲ್ವಾ? ನಮ್ಮ ವಿಜಯ ದಿವಸಕ್ಕೆ ಕಾಣಿಕೆ ಅಂತ ಹೊಲೀತಿದಾನೆ! ಪಾಪದ ಮನುಷ್ಯ, ಹೇಳ್ಕೊಳ್ಳೋಕೆ ನಾಚಿಕೆ. ಅಲ್ವೇನೋ ಮಿಯಾ? ಹಿರಿಯರು ಮಾಡಿದ್ದಕ್ಕೆ ಇವನಿಗೆ ಸಂಕಟ. ನಾಡಿದ್ದು ವೇದಿಕೆ ಮೇಲೆ ಇವನೇ ಬಂದು ಎಲ್ಲರ ಮುಂದೆ ಎರಡು ಮಾತು ಹೇಳ್ತಾನೆ.” ಹೆಗಲ ಮೇಲಿನ ಕೈ ಬಿಗಿಯಾಯಿತು. “ಹೊಲಿ. ಕೆಂಪು ವೃತ್ತ ಈಗ್ಲೇ ಇವರೆದುರಿಗೇ ಹೊಲಿ. ಯಾರಿಗೂ ಅನುಮಾನ ಉಳಿಯಬಾರ್ದು.”

ಯಂತ್ರವನ್ನು ಸಂದಿಗೆ ಎಳೆದು ತಂದರು. ಖುರ್ಷಿದ್ ಕುಳಿತು ತುಳಿದ. ಸುತ್ತ ಫೋನುಗಳು ಎತ್ತಿ ನಿಂತಿದ್ದವು. ಅವಸರಕ್ಕೆ ಕೆಂಪಿನ ಅಂಚು ಎರಡು ಕಡೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿಯಲು ಧೈರ್ಯವಾಗಲಿಲ್ಲ. ಒಳಗೆ ಮಂಚದಡಿಯಲ್ಲಿ ಅವನ ತಾಯಿ ಇನ್ನೂ ಉಸಿರು ಬಿಗಿಹಿಡಿದು ಮಲಗಿದ್ದಳು.

ಮರುದಿನ ಬೆಳಿಗ್ಗೆ ಅವನು ಲುತ್ಫರನ ಮನೆಗೆ ಹೋಗಿ ಅಂಗಳದಲ್ಲಿ ನಿಂತ.

“ನಾನು ವೇದಿಕೆ ಮೇಲೆ ಏನ್ ಹೇಳ್ಲಿ ಸಾಹೇಬ್ರೆ?”

“ಒಂದೇ ಸಾಲು. ‘ನಮ್ಮ ಹಿರಿಯರು ಮಾಡಿದ ಪಾಪಕ್ಕೆ ಈ ಮಣ್ಣಿನ ಕ್ಷಮೆ ಕೇಳ್ತೀನಿ.’ ಅಷ್ಟೇ. ಕಷ್ಟಾನಾ?”

“ನಂಗಾಗ ಮೂರು ವರ್ಷ.”

“ನಂಗೆ ಆರು” ಎಂದ ಲುತ್ಫರ್. ಅವನ ದನಿ ಈಗ ಬೇರೆಯೇ ಆಗಿತ್ತು. “ನಮ್ಮ ದೊಡ್ಡಪ್ಪ ಮೇಷ್ಟ್ರು. ಎಲ್ಲರ ಮಕ್ಕಳಿಗೂ ಪಾಠ ಹೇಳ್ತಿದ್ದ, ನಿಮ್ಮೋರ ಮಕ್ಕಳಿಗೂ. ನಿಮ್ಮೋರೇ ಬಂದು ಕರ್ಕೊಂಡ್ ಹೋದ್ರು. ನಾವು ಅವನ ಚಪ್ಪಲಿ ಮಾತ್ರ ಮಣ್ಣು ಮಾಡಿದ್ವಿ.” ಮತ್ತೆ ಕೌನ್ಸಿಲರನ ದನಿಗೆ ಬಂದ. “ಮಗಳ ಕಾಗದ ಮೇಜಿನ ಮೇಲೇ ಇದೆ. ನಾಳೆ ಸಂಜೆ ಬಂದು ತಗೊಂಡು ಹೋಗು.”

ವಿಷಯ ಕೇಳಿ ನಿಖತ್ ಕೆಂಡವಾದಳು. “ಬೇಡ ಅಬ್ಬಾ. ನಂಗೆ ಆ ಕಾಗದಾನೂ ಬೇಡ, ಜೋರ್ಡಾನೂ ಬೇಡ. ನೀನು ಏನು ತಪ್ಪು ಮಾಡಿದೀಯಾ ಅಂತ ಕೈ ಮುಗೀಬೇಕು?”

“ಕೈ ಮುಗಿದ್ರೆ ಕೈ ಸವೆಯಲ್ಲ ಬೇಟಿ.”

“ಮನುಷ್ಯ ಸವೀತಾನೆ.”

ಅವನಿಗೂ ಓಡಿಹೋಗುವ ಮನಸ್ಸಾಗಿತ್ತು. ಎಲ್ಲಿಗೆಂದು ಹೊಳೆಯದೆ ಕರಾಚಿಯಲ್ಲಿದ್ದ ಅಣ್ಣ ಸಬೀಹನಿಗೆ ಫೋನು ಹಚ್ಚಿದ. ಸಬೀಹ್ ಹರೆಯದಲ್ಲೇ ಭಾರತ ದಾಟಿ, ನೇಪಾಳ ಸುತ್ತಿ, ಹೇಗೋ ‘ಸ್ವಂತ ದೇಶ’ ಸೇರಿಕೊಂಡವನು. ಕ್ಯಾಂಪಿನಲ್ಲಿ ಅವನನ್ನು ದಡ ಮುಟ್ಟಿದವನೆಂದು ಹೇಳುತ್ತಿದ್ದರು. ತೆರೆಯ ಮೇಲೆ ಅವನ ಬಿಳಿ ಗಡ್ಡ ಕಾಣಿಸಿತು. ಖುರ್ಷಿದ್ ನಡೆದದ್ದನ್ನೆಲ್ಲ ಹೇಳಿ, ಅಲ್ಲಿಗೇ ಬಂದುಬಿಡಲೇ ಎಂದ.

“ಇಲ್ಲಿಗೆ ಬರ್ತೀಯಾ?” ಎಂದು ಅಣ್ಣ ಕೆಮ್ಮುತ್ತ ನಕ್ಕ. “ನನ್ನ ಗುರುತಿನ ಚೀಟೀನೇ ತಡೆದು ಕೂತಿದಾರೆ ಕಣೋ. ‘ನೀನು ಬಂಗಾಳಿ ಅಲ್ಲ ಅಂತ ಸಾಬೀತು ಮಾಡು’ ಅಂತಾರೆ. ಹುಟ್ಟಿದ್ದು ಎಲ್ಲಿ ಅಂದ್ರು, ಸೈಯದ್‌ಪುರ ಅಂದೆ. ಅದು ಬಾಂಗ್ಲಾದೇಶ ಅಲ್ವಾ ಅಂದ್ರು. ಏನ್ ಹೇಳ್ಲಿ? ಓಣಿ ಹುಡುಗ್ರು ನನ್ನ ಮಕ್ಕಳನ್ನ ಬಂಗಾಲೀ ಬಂಗಾಲೀ ಅಂತ ಛೇಡಿಸ್ತಾರೆ.”

“ಮತ್ತೆ ಅಲ್ಲಿಗೆ ಯಾಕೆ ಹೋದೆ ಭಾಯಿ?”

“ಆಗ ಅಲ್ಲಿ ಇರೋಕಾಗ್ತಿರಲಿಲ್ಲ, ಅದಕ್ಕೆ. ಆ ಸಾಲು ಹೇಳಿಬಿಡು ತಮ್ಮಾ. ನಂಗಾದ್ರೂ ಒಂದು ಸಾಲು ಕೊಡ್ಲಿ, ಹೇಳಿ ಮುಗಿಸ್ತೀನಿ. ನನ್ ಹತ್ರ ಕೇಳೋದು ಅಜ್ಜನ ಕಾಲದ ಜಮೀನಿನ ಕಾಗದ.”

ವಿಜಯ ದಿವಸದ ಬೆಳಿಗ್ಗೆ ಮಂಜು ಇನ್ನೂ ಮೈದಾನದ ಮೇಲೆ ಕವಿದಿತ್ತು. ಶಾಲೆಯ ಮಕ್ಕಳು ಭಾರೀ ಬಾವುಟದ ಅಂಚು ಹಿಡಿದು ಸುತ್ತ ನಿಂತಿದ್ದರು. ಅದು ನಿಜಕ್ಕೂ ದೊಡ್ಡದಾಗಿತ್ತು. ನಡುವಿನ ಕೆಂಪು ಎರಡು ಕಡೆ ಸೊಟ್ಟಗಿದ್ದದ್ದು ಹೊಲಿದವನಿಗಷ್ಟೇ ಕಾಣುತ್ತಿತ್ತು. ರಾಷ್ಟ್ರಗೀತೆಗೆ ಎಲ್ಲರೂ ಎದ್ದರು. ಖುರ್ಷಿದನಿಗೆ ಅದು ಬಾಯಿಪಾಠ. ಅವನು ಹಾಡುವಾಗ ಪಕ್ಕದವರು ಅವನ ತುಟಿಗಳನ್ನೇ ನೋಡುತ್ತಿದ್ದರು. ಹಾಗಾಗಿ ಹಾಡಿನ ತುಂಬ ಅವನಿಗೆ ತನ್ನ ತುಟಿಗಳ ಮೇಲೇ ಗಮನ. ಸದಾ ಎದೆಗೆ ಹತ್ತಿರವಾಗಿದ್ದ ಹಾಡು ಅಂದು ಪರೀಕ್ಷೆಯಂತೆ ಮುಗಿಯಿತು.

ಆಮೇಲೆ ಲುತ್ಫರ್ ಅವನನ್ನು ಮುಂದಕ್ಕೆ ತಂದ. “ಈ ಪಾಕಿಸ್ತಾನಿ ಸಹೋದರ ಇಂದು ತಾನಾಗೇ ಬಂದಿದ್ದಾನೆ” ಎಂದ. ಮೈಕು ಬಾಯಿಗೆ ಹಿಡಿದ. ಖುರ್ಷಿದ್ ಮೈದಾನದ ತುದಿಯಲ್ಲಿ, ಕ್ಯಾಂಪಿನ ಹೆಂಗಸರ ನಡುವೆ ನಿಂತ ಮಗಳನ್ನು ಕಂಡ. ನಾನು ಇಲ್ಲಿಯೇ ಹುಟ್ಟಿದವನು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿ ತೆರೆದಾಗ ಕೊಟ್ಟ ಸಾಲೇ ಬಂತು. ಅರ್ಧದಲ್ಲಿ ಕಣ್ಣೀರು ಇಳಿಯಿತು. ಜನ ಅದನ್ನು ಪಶ್ಚಾತ್ತಾಪವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಖತ್ ಆಗಲೇ ಅಲ್ಲಿರಲಿಲ್ಲ, ತಲೆ ತಗ್ಗಿಸಿ ಮನೆಯತ್ತ ನಡೆದುಬಿಟ್ಟಿದ್ದಳು.

ಸಂಜೆ ಕಾಗದ ತಂದು ಮಗಳ ಕೈಗಿಟ್ಟು, ಖುರ್ಷಿದ್ ತಾಯಿಯ ಮಂಚದ ಅಂಚಿಗೆ ಕುಳಿತ. ಅವಳ ಕಿವಿಗೆ ಬಾಯಿಟ್ಟು ಕೇಳಿದ: “ಅಮ್ಮೀ, ಇವತ್ತು ಅಬ್ಬಾನ ಪರವಾಗಿ ಮಾಫಿ ಕೇಳಿ ಬಂದೆ. ಯಾವುದಕ್ಕೆ ಅಂತ ನಂಗೆ ಗೊತ್ತಿಲ್ಲ. ನಿಂಗೆ ಗೊತ್ತಾ?”

ಮುದುಕಿ ಗೋಡೆ ನೋಡುತ್ತ ಹೇಳಿದಳು.

“ಒಂದಿನ ಸೈಕಲ್ ತಂದಿದ್ದ. ನಮ್ಮ ಮನೇಲಿ ಸೈಕಲ್ ಎಲ್ಲಿಂದ? ಮುಂದಿನ ಕಂಬಿ ಮೇಲೆ ಮಗು ಕೂರೋಕೆ ಪುಟ್ಟ ಸೀಟಿತ್ತು, ಬೆತ್ತದ್ದು. ಯಾರದು ಅಂತ ನಾನು ಕೇಳಲಿಲ್ಲ. ಕೈ ತೊಳೆಯೋಕೆ ನೀರು ಕೇಳ್ದ, ಕೊಟ್ಟೆ.”

“ಆಮೇಲೆ?”

“ಆಮೇಲೆ ಏನು? ನಿನ್ನನ್ನ ಅದ್ರಲ್ಲಿ ಕೂರಿಸಿ ಕ್ವಾರ್ಟರ್ಸ್ ಸುತ್ತ ಎರಡು ಸುತ್ತು ಹಾಕಿಸಿದ. ನೀನು ಗಂಟೆ ಬಾರಿಸ್ಕೊಂಡು ನಗ್ತಿದ್ದೆ.”

ಖುರ್ಷಿದ್ ಎದ್ದು ಹೊರಗೆ ಬಂದು ಸಂದಿಯ ಗೋಡೆಗೆ ಕೈಯಾನಿಸಿ ನಿಂತ. ಬೆಳಿಗ್ಗೆ ಆಡಿದ್ದು ಸುಳ್ಳೆಂದು ಅಳುವ ಸಮಾಧಾನವೂ ಈಗ ಕೈಬಿಟ್ಟಿತ್ತು.

ಪಾಸ್‌ಪೋರ್ಟು ಬಂತು. ಬೇಸಿಗೆಯಲ್ಲಿ ನಿಖತ್ ಹೊರಟುಹೋದಳು. ಮೊದಮೊದಲು ಅವಳ ಫೋನಿನಲ್ಲಿ ಗೆಲುವಿತ್ತು: ವಿಮಾನ ಇಳಿದಾಗ ಕಂಪನಿಯವನು “ಬಾಂಗ್ಲಾದೇಶ್, ಬಾಂಗ್ಲಾದೇಶ್ ಈ ಕಡೆ” ಎಂದು ಎಲ್ಲರ ಜೊತೆ ತನ್ನನ್ನೂ ಸೇರಿಸಿ ಕುರಿಮಂದೆಯಂತೆ ಅಟ್ಟಿದನಂತೆ, ಅಷ್ಟು ಸಲೀಸಾಗಿ ಅವಳನ್ನು ಆ ಹೆಸರಿನಿಂದ ಕರೆದವನು ಅವನೇ ಮೊದಲು. ಆಮೇಲೊಂದು ದಿನ ಗೆಲುವು ಕುಗ್ಗಿತ್ತು.

“ಇಲ್ಲಿಯ ಮೇಲ್ವಿಚಾರಕ ಲಾಹೋರಿನೋನು ಅಬ್ಬಾ. ನಾನು ಉರ್ದುಲಿ ಮಾತಾಡಿದ್ದು ಕೇಳಿ ‘ನೀನು ನಮ್ಮೋಳಾ?’ ಅಂದ. ಅಲ್ಲ, ಬಾಂಗ್ಲಾದೇಶ ಅಂದೆ. ನಕ್ಕುಬಿಟ್ಟ. ನಮ್ಮ ರೂಮಿನ ಬಂಗಾಳಿ ಹುಡುಗೀರೂ ಅದನ್ನ ಕೇಳಿಸ್ಕೊಂಡ್ರು. ಆವತ್ತಿಂದ ನನ್ನ ಮುಂದೆ ಅವರ ಮಾತೇ ನಿಂತು ಹೋಗುತ್ತೆ.”

“ಉರ್ದು ಆಡ್ಬೇಡ.”

“ನಿನ್ ಜೊತೆ ಯಾವ ಭಾಷೇಲಿ ಮಾತಾಡ್ಲಿ ಮತ್ತೆ?” ಎಂದಳು. ಅವಳು ಸ್ನಾನದ ಮನೆಯೊಳಗಿಂದ ಫೋನು ಮಾಡುತ್ತಿದ್ದಳೆಂದು ನೀರಿನ ಸದ್ದಿನಿಂದ ಅವನಿಗೆ ತಿಳಿಯಿತು.

ಚಳಿಗಾಲ ಮತ್ತೆ ಬಂತು. ಲುತ್ಫರನ ಕಡೆಯವನೊಬ್ಬ ಬಂದು, ಬಾವುಟದ ಅಂಚು ಸವೆದಿದೆ, ಸರಿಮಾಡಿಡು, ಹದಿನಾರಕ್ಕೆ ಬೇಗ ಬಾ, ರಾಷ್ಟ್ರಗೀತೆಯ ನಂತರ ನಿನ್ನದೇ ಸರದಿ ಎಂದು ಹೇಳಿಹೋದ. ಕ್ಷಮೆ ಕೇಳುವುದು ಕಾರ್ಯಕ್ರಮದಲ್ಲಿ ಒಂದು ಭಾಗವಾಗಿ ಸೇರಿಹೋಗಿತ್ತು. ಖುರ್ಷಿದ್ ಅಂಗಿ ಬದಲಿಸಿ ನೇರ ಲುತ್ಫರನ ಮನೆಗೆ ನಡೆದ. ಲುತ್ಫರ್ ಅಂಗಳದ ಬಿಸಿಲಲ್ಲಿ ಒಬ್ಬನೇ ಕುಳಿತು ಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಬಿಸಿ ಕಡುಬು, ಭಾಪಾ ಪೀಠಾ, ಮುರಿದು ತಿನ್ನುತ್ತಿದ್ದ. ಇನ್ನೊಂದು ತಟ್ಟೆ ತರಿಸಿ ಇವನ ಮುಂದಿಟ್ಟ.

“ಈ ಸಲ ಆ ಸಾಲು ಹೇಳಲಾರೆ ಸಾಹೇಬ್ರೆ.”

“ಯಾಕೆ? ಮಗಳು ಪರದೇಶಕ್ಕೆ ಹೋದ ತಕ್ಷಣ ದೊಡ್ಡ ಮನುಷ್ಯ ಆಗ್ಬಿಟ್ಯಾ?”

“ಅದಲ್ಲ. ಹೋದ್ಸಲ ಏನೂ ಗೊತ್ತಿಲ್ದೆ ಹೇಳ್ದೆ. ಈಗ ಗೊತ್ತು.” ತಾಯಿ ಹೇಳಿದ್ದನ್ನೆಲ್ಲ ಅವನು ಹೇಳಿದ. ಸೈಕಲ್ಲು, ಬೆತ್ತದ ಸೀಟು, ಕೈ ತೊಳೆಯಲು ನೀರು. ತಾನು ಬಾರಿಸಿದ ಗಂಟೆಯನ್ನೂ ಬಿಡಲಿಲ್ಲ.

ಲುತ್ಫರನ ಕೈಯಲ್ಲಿದ್ದ ಪೀಠಾದಿಂದ ಬೆಲ್ಲ ಶಾಲಿನ ಮೇಲೆ ಸುರಿಯಿತು. ಅವನು ಒರೆಸಿಕೊಳ್ಳಲಿಲ್ಲ.

“ಸೈಕಲ್ ಬಣ್ಣ ಯಾವುದು?” ಎಂದ.

“ಅಮ್ಮಿ ಹೇಳಲಿಲ್ಲ. ಕೇಳ್ತೀನಿ ಬೇಕಾದ್ರೆ.”

“ಬೇಡ.” ಲುತ್ಫರ್ ಥಟ್ಟನೆ ಎದ್ದು ನಿಂತ. “ಕೇಳ್ಬೇಡ. ಊರಲ್ಲಿ ದೊಡ್ಡಪ್ಪನಂಗೆ ಎಷ್ಟೋ ಜನರ ಹತ್ರ ಸೈಕಲ್ ಇತ್ತು.” ಅಂಗಳದಲ್ಲಿ ಅತ್ತಿತ್ತ ನಡೆದು, ಬೆನ್ನು ತಿರುಗಿಸಿಯೇ ಹೇಳಿದ: “ನಿನ್ನ ಅಪ್ಪನ್ನ ಕ್ವಾರ್ಟರ್ಸಿನಿಂದ ಕರ್ಕೊಂಡು ಹೋದೋರು ಯಾರು ಅಂತ ನಂಗೆ ಗೊತ್ತು. ನಾನು ಚಿಕ್ಕೋನಿದ್ದಾಗ ನಮ್ಮ ಜಗಲಿ ಮೇಲೇ ಕೂತು ಮಾತಾಡ್ಕೊಳ್ತಿದ್ರು. ಒಬ್ಬ ಇನ್ನೂ ಬದುಕಿದಾನೆ. ಪ್ರತಿ ವರ್ಷ ಮೊದಲನೇ ಸಾಲಲ್ಲಿ ಕೂರ್ತಾನೆ. ಹೆಸರು ಹೇಳ್ಲಾ?”

ಖುರ್ಷಿದ್ ತಟ್ಟೆಯನ್ನೇ ನೋಡಿದ. ಹೆಸರು ಕೇಳಿದರೆ ಆಮೇಲೆ ಅದನ್ನು ಎಲ್ಲಿಟ್ಟುಕೊಳ್ಳುವುದು? ಅದನ್ನು ಹೊತ್ತು ಯಾವ ಠಾಣೆಗೆ ಹೋಗುವುದು, ಯಾವ ಸಂದಿಯಲ್ಲಿ ನಡೆಯುವುದು? ನಾಳೆ ಮಗಳು ರಜೆಗೆ ಬಂದಾಗ ಅದೇ ಊರಿನಲ್ಲಿ ಇಳಿಯಬೇಕು.

“ಬೇಡ ಸಾಹೇಬ್ರೆ” ಎಂದ.

“ಹಾಂ. ಹಂಗಾದ್ರೆ ನಾನೂ ಬಣ್ಣ ಕೇಳಲ್ಲ. ಆ ಸಾಲೇ ಇರ್ಲಿ ಮಿಯಾ. ಅದ್ರಲ್ಲಿ ಯಾರ ಹೆಸರೂ ಇಲ್ಲ. ನಿಂಗೂ ಕ್ಷೇಮ, ನಂಗೂ ಕ್ಷೇಮ.” ಲುತ್ಫರ್ ಮತ್ತೆ ಬಂದು ಕುಳಿತ. “ತಿನ್ನು, ಆರಿಹೋಗುತ್ತೆ.”

ಇಬ್ಬರೂ ತಿಂದರು. ಅಷ್ಟು ಹತ್ತಿರ ಅವರು ಹಿಂದೆಂದೂ ಕುಳಿತಿರಲಿಲ್ಲ, ಆಮೇಲೂ ಕುಳಿತುಕೊಳ್ಳಲಿಲ್ಲ.

ಹದಿನಾರರ ಬೆಳಿಗ್ಗೆ ಖುರ್ಷಿದ್ ವೇದಿಕೆ ಹತ್ತಿದ. ಮೊದಲ ಸಾಲಿನಲ್ಲಿ ಮುದುಕರು ಕುಳಿತಿದ್ದರು. ಎಲ್ಲರೂ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿ, ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡಿದ್ದರು. ಒಬ್ಬನಿಗೆ ತಲೆ ನಡುಗುತ್ತಿತ್ತು. ಒಬ್ಬ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಮೂಗು ಒರೆಸುತ್ತಿದ್ದ. ಇನ್ನೊಬ್ಬ ಇವನನ್ನು ನೋಡಿ, ಪರಿಚಯದವನಂತೆ, ಮೆಲ್ಲಗೆ ತಲೆಯಾಡಿಸಿದ. ಖುರ್ಷಿದ್ ಒಂದು ಮುಖದಿಂದ ಇನ್ನೊಂದಕ್ಕೆ ಕಣ್ಣು ಸರಿಸುತ್ತ ಹೋದ. ಮೈಕು ಬಾಯಿಗೆ ಬಂತು. ಸಾಲು ತಡವರಿಸದೆ ಹೊರಟಿತು, ಈ ಸಲ ಕಣ್ಣೀರು ಬರಲಿಲ್ಲ, ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಾನಾಗೇ ತಗ್ಗಿತು. ಮುದುಕರು ಒಬ್ಬೊಬ್ಬರಾಗಿ ಶಾಲಿನೊಳಗಿಂದ ಕೈ ಹೊರತೆಗೆದು ಚಪ್ಪಾಳೆ ತಟ್ಟಿದರು. ಅವನು ಆ ಕೈಗಳನ್ನೇ ನೋಡುತ್ತ ನಿಂತಿದ್ದ, ಇನ್ನೊಬ್ಬರ ಸರದಿ ಬಂದು ಯಾರೋ ಅವನ ತೋಳು ಹಿಡಿದು ಕೆಳಗಿಳಿಸುವ ತನಕ.